ಅಮರದಾದ ತಿಂಗಳ ತಾರೀಖು

ಮೊದಲು ಮೂಗಿಗೆ ಬಡಿದದ್ದು ಹೊಗೆಸೊಪ್ಪಿನ ವಾಸನೆ. ಕಳೆದ ತಿಂಗಳು ಔರಾದ ಠಾಣೆಯ ಪಿ.ಎಸ್.ಐ. ಬೀದರದ ನಮ್ಮ ಮನೆಗೆ ಬಂದು, ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಿಂದ ಒಂದು ದಪ್ಪ ವಹಿ ತೆಗೆದು ಟೀಪಾಯಿಯ ಮೇಲಿಟ್ಟರು. ಇಟ್ಟದ್ದೇ ತಡ, ಹಳೆ ಕಾಗದದ ಮುಗ್ಗಲಿನ ಒಳಗಿಂದ ಒಣ ಹೊಗೆಸೊಪ್ಪಿನ ಘಾಟು ಎದ್ದಿತು. ಹುಳ ಬೀಳದಿರಲೆಂದು ಹಾಳೆಗಳ ನಡುವೆ ಹೊಗೆಸೊಪ್ಪಿನ ಎಲೆ ಇಡುವ ಅಭ್ಯಾಸ ನಾನು ಕಂಡ ಹಾಗೆ ಒಬ್ಬರಿಗೇ ಇತ್ತು. ಎಲೆ ಎಂದೋ ಪುಡಿಯಾಗಿ ಉದುರಿಹೋಗಿತ್ತು, ವಾಸನೆ ಮಾತ್ರ ಅರವತ್ತು ವರ್ಷ ಅಲ್ಲೇ ಕೂತಿತ್ತು. ನಾನು ಎರಡು ಸಲ ಸೀನಿದೆ.  

ಪಿ.ಎಸ್.ಐ. ಬಗದಲ್ ಕಡೆಯ ಹೆಣ್ಣುಮಗಳು, ನನ್ನ ಮೊಮ್ಮಗಳ ವಯಸ್ಸು. ಠಾಣೆಯ ಹಿರೇತನವನ್ನು ನಿಜಾಮರ ಕಾಲದಿಂದ ಇಲ್ಲಿಯವರೆಗೆ ಯಾರ್ಯಾರು ಮಾಡಿದರು ಎಂಬುದರ ಒಂದು ಚಿಕ್ಕ ಪುಸ್ತಕ ಮಾಡಬೇಕೆಂದು ಅವರಿಗೆ ಆಸೆ. ಸ್ವಾತಂತ್ರ್ಯ ನಮ್ಮ ಕಡೆ ತಡವಾಗಿ ಬಂತಲ್ಲ, ಅದಾದ ಮೇಲಿನವರ ಹೆಸರುಗಳೆಲ್ಲ ಸರಿಯಾಗಿ ಸಿಕ್ಕಿವೆಯಂತೆ. ಅದಕ್ಕೂ ಹಿಂದಿನದ್ದಕ್ಕೆ ಉಳಿದಿರುವುದು ಈ ಒಂದು ವಹಿ. ಉರ್ದು ಬಲ್ಲ ಇಬ್ಬರು ಮೌಲ್ವಿಗಳಿಗೆ, ಒಬ್ಬ ನಿವೃತ್ತ ಮಾಸ್ತರರಿಗೆ ತೋರಿಸಿದರೆ ಮೂವರೂ ಕೈ ಚೆಲ್ಲಿದರಂತೆ. ಇದು ಬರಹವಲ್ಲ, ಇರುವೆ ಶಾಯಿಯಲ್ಲಿ ಬಿದ್ದು ಎದ್ದು ಹೋದದ್ದು ಎಂದರಂತೆ. ಕಡೆಗೆ ಯಾರೋ ನನ್ನ ಹೆಸರು ಹೇಳಿದ್ದಾರೆ. ಆ ಅಕ್ಷರ ಓದುವವರು ಭೂಮಿಯ ಮೇಲೆ ಇಬ್ಬರೇ ಇದ್ದರು. ಬರೆದ ಅಮೀನಸಾಹೇಬರು ಒಬ್ಬರು, ನಾನೊಬ್ಬ. ಈಗ ನಾನೊಬ್ಬನೇ.

ಎರಡು ದಿನ ಬಿಟ್ಟು ಬರ್ರಿ ಎಂದು ಹೇಳಿ ಕಳಿಸಿದೆ. ಆ ಎರಡು ದಿನ ನಾನು ವಹಿ ಬಿಚ್ಚಲಿಲ್ಲ. ಯಾವ ಹಾಳೆಯಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು.

ಅಮೀನ ಎಂದರೆ ಆಗಿನ ಠಾಣೆಯ ಮುಖ್ಯಸ್ಥ, ಈಗಿನ ಪಿ.ಎಸ್.ಐ. ಇದ್ದ ಹಾಗೆ. ಆದರೆ ಈಗಿನವರಿಗೆ ಇರುವಷ್ಟು ಮೇಲಿನವರು ಆಗ ಇರಲಿಲ್ಲ. ಔರಾದಿಗೆ ರೈಲಿಲ್ಲ, ಮಳೆಗಾಲದಲ್ಲಿ ದಾರಿಯೂ ಇಲ್ಲ. ಬೀದರದ ದೊಡ್ಡ ಸಾಹೇಬರು ವರ್ಷಕ್ಕೊಮ್ಮೆ ಬಂದರೆ ಬಂದರು. ಹಾಗಾಗಿ ಊರಿನ ಸರಕಾರವೆಂದರೆ ಅಮೀನಸಾಹೇಬರು, ಅವರ ಕೈಕೆಳಗಿನ ಆರು ಜವಾನರು ಮತ್ತು ಒಂದು ಮುದಿ ಕುದುರೆ. ನಾನು ಆಗ ಇಪ್ಪತ್ತೊಂದರ ಹುಡುಗ, ಭಾಲ್ಕಿಯಿಂದ ಹೊಸದಾಗಿ ಔರಾದ ಸಾಲಿಗೆ ಮಾಸ್ತರನಾಗಿ ಬಂದಿದ್ದೆ. ಠಾಣೆಯ ಎದುರಿಗೇ ನನ್ನ ಬಾಡಿಗೆ ಕೋಣೆ. ಸಾಲಿಯಲ್ಲಿ ಎಲ್ಲವನ್ನೂ ಉರ್ದುವಿನಲ್ಲಿ ಕಲಿಸಬೇಕಾಗಿದ್ದ ಕಾಲ ಅದು. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಉರ್ದು, ಸಂತೆಯಲ್ಲಿ ಮರಾಠಿ, ಇದರಲ್ಲಿ ನಮಗೇನೂ ವಿಚಿತ್ರ ಕಾಣುತ್ತಿರಲಿಲ್ಲ.

ಅಮೀನಸಾಹೇಬರು ಬೀದರದ ಹಳೆ ಊರಿನವರು. ಎತ್ತರದ ಆಳು, ನಡೆಯುವಾಗ ಬಲಗಾಲು ಸ್ವಲ್ಪ ಎಳೆಯುತ್ತಿದ್ದರು. ಅಕ್ಷರ ಎಷ್ಟು ಕೆಟ್ಟದಾಗಿತ್ತೆಂದರೆ ಅವರ ವರದಿಗಳು ಓದಲಾಗದೆ ಬೀದರದಿಂದ ವಾಪಸು ಬರುತ್ತಿದ್ದವು. ಒಂದು ದಿನ ಸಾಲಿ ಬಿಟ್ಟ ಮೇಲೆ ನನ್ನನ್ನು ಕರೆಸಿ, ಚಹಾ ತರಿಸಿ, ಇದನ್ನು ಅಂದವಾಗಿ ನಕಲು ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಚಹಾ ಕುಡಿದ ತಪ್ಪಿಗೆ ಒಂದೂವರೆ ವರ್ಷ ನಕಲು ಮಾಡಿದೆ. ಆ ಒಂದೂವರೆ ವರ್ಷದಲ್ಲಿ ಅವರ ಅಕ್ಷರ ಕಲಿತೆ, ಅವರನ್ನು ಕಲಿಯಲಾಗಲಿಲ್ಲ.

ಯಾಕೆಂದರೆ ಅವರು ಒಂದೇ ಬಗೆಯ ಮನುಷ್ಯನಾಗಿರಲಿಲ್ಲ. ಕುರಿ ಕಾಯುವವನೊಬ್ಬ ದಾರಿ ಬಿಡಲಿಲ್ಲವೆಂದು ಸಂತೆಯ ನಡುವೆ ಕಪಾಳಕ್ಕೆ ಹೊಡೆದರು, ಸಂಜೆ ಅವನ ಮನೆಗೆ ಜವಾನನ ಕೈಯಲ್ಲಿ ಮುಲಾಮು ಕಳಿಸಿದರು. ಮುಲಾಮು ಕಳಿಸುವವರು ಹೊಡೆದದ್ದೇಕೆ? ಸಾಲಿಯ ಗೋಡೆಯ ಮೇಲೆ ಯಾರೋ ಇದ್ದಿಲಿನಿಂದ ಭಾರತದ ಬಾವುಟ ಬರೆದಾಗ ತನಿಖೆ ಮಾಡುತ್ತೇನೆಂದು ಬಂದು, ಗೋಡೆಯನ್ನು ಬಹಳ ಹೊತ್ತು ನೋಡಿ, ಚಕ್ರದ ಕಡ್ಡಿಗಳು ಕಡಿಮೆ ಬಿದ್ದಿವೆ ಎಂದು ಹೇಳಿ ಹೋದರು. ಬರೆದವನು ನಾನೇ. ಅವರಿಗದು ಗೊತ್ತಿತ್ತೋ ಇಲ್ಲವೋ ಇವತ್ತಿಗೂ ತಿಳಿಯದು.

ನಲವತ್ತೆಂಟರ ಬೇಸಿಗೆಯಿಂದ ನಮ್ಮ ಸೀಮೆಯಲ್ಲಿ ಹೆದರಿಕೆ ಹೆಚ್ಚಾಯಿತು. ನಿಜಾಮರ ರಾಜ್ಯ ಉಳಿಸುತ್ತೇವೆಂದು ಬಂದೂಕು ಹಿಡಿದ ದಂಡೊಂದು ಹಳ್ಳಿ ಹಳ್ಳಿ ತಿರುಗುತ್ತಿತ್ತು. ಕಾಳು ಒಯ್ಯುವುದು, ದನ ಒಯ್ಯುವುದು, ಎದುರು ನಿಂತರೆ ಸುಡುವುದು. ಅವರ ಹೆಸರು ಹಿಡಿದು ಯಾರೂ ಮಾತಾಡುತ್ತಿರಲಿಲ್ಲ. 'ಅವರು' ಎಂದರೆ ಸಾಕು, ಮಗು ಕೂಡ ಸುಮ್ಮನಾಗುತ್ತಿತ್ತು. ನನ್ನ ಅಕ್ಕನನ್ನು ಔರಾದಿನಿಂದ ನಾಲ್ಕು ಹರದಾರಿ ದೂರದ ಒಂದು ಹಳ್ಳಿಗೆ ಕೊಟ್ಟಿತ್ತು. ಲಿಂಗವಂತರ ದೊಡ್ಡ ಒಕ್ಕಲುತನದ ಮನೆ. ಅಲ್ಲಿಯ ಗಂಡಸರು ಬಡಿಗೆ ಕೊಡಲಿ ಸಜ್ಜು ಮಾಡಿಟ್ಟುಕೊಂಡು, ಬಂದರೆ ಬರಲಿ ನೋಡೋಣ ಎನ್ನುತ್ತಿದ್ದರು. ಭಾವನೇ ಅವರ ಮುಂದಾಳು.

ಕಾರಹುಣ್ಣಿಮೆ ಮುಗಿದು ಕೆಲವು ದಿನಗಳಾಗಿದ್ದವು. ಎತ್ತಿನ ಕೋಡಿನ ಬಣ್ಣ ಇನ್ನೂ ಮಾಸಿರಲಿಲ್ಲ. ಒಂದು ಬೆಳಗ್ಗೆ ಅಮೀನಸಾಹೇಬರು ಜವಾನರನ್ನು ಕರೆದುಕೊಂಡು ಆ ಊರಿಗೆ ಹೋಗಿ, ದನ ಕದ್ದ ಫಿರ್ಯಾದು ಬಂದಿದೆ ಎಂದು ಹದಿನೈದು ಜನ ಗಂಡಸರನ್ನು ಹಗ್ಗ ಕಟ್ಟಿ ತಂದರು. ಊರಿನಲ್ಲಿ ಬಡಿಗೆ ಹಿಡಿಯಬಲ್ಲವರೆಲ್ಲ ಅದರಲ್ಲಿದ್ದರು. ಭಾವ ಇದ್ದ. ಹದಿನೈದನೆಯವರು ಭಾವನ ಅಪ್ಪ, ಎಪ್ಪತ್ತು ದಾಟಿದ ದಮ್ಮಿನ ಮುದುಕರು, ಅವರನ್ನೂ ತಂದಿದ್ದರು. ಸಾಲಿಯಿಂದ ಬಂದು ನೋಡಿದರೆ ಠಾಣೆಯ ಲಾಕಪ್ಪಿನಲ್ಲಿ ನಮ್ಮ ಬೀಗರೆಲ್ಲ ಕೂತಿದ್ದಾರೆ.

ನನಗೆ ಸಿಟ್ಟು ಬಂತು ಎಂದು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಠಾಣೆಯಲ್ಲಿ ನನ್ನ ಮಾತು ನಡೆಯುತ್ತದೆ ಎಂದು ಬೀಗರಿಗೆ ತೋರಿಸುವ ಹುಕಿಯೂ ಇತ್ತು. ಮುದುಕರು ಬೆಳಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ಸ್ನಾನ ಮಾಡಿ, ಕೊರಳಿನ ಲಿಂಗ ಕೈಗೆ ತೆಗೆದುಕೊಂಡು ಪೂಜೆ ಮಾಡದೆ ಅವರು ಎಂದೂ ಏನೂ ಬಾಯಿಗೆ ಹಾಕಿದವರಲ್ಲ. ಲಾಕಪ್ಪಿನ ಆ ನಾತದಲ್ಲಿ ಲಿಂಗ ಕೈಗೆ ತೆಗೆದುಕೊಳ್ಳುವುದಿಲ್ಲ, ಸತ್ತರೆ ಸಾಯುತ್ತೇನೆ ಎಂದು ಗೋಡೆಗೆ ಮುಖ ಮಾಡಿ ಕೂತಿದ್ದರು. ಇದು ನನಗೆ ಒಳ್ಳೆಯ ಕಾರಣವಾಗಿ ಸಿಕ್ಕಿತು. ಸಂಜೆ ಅಮೀನಸಾಹೇಬರ ಕೋಣೆಗೆ ಹೋಗಿ, ಮುದುಕರೊಬ್ಬರನ್ನಾದರೂ ಬಿಡಿ ಎಂದು ಕೇಳಿದೆ.

ಅವರು ವರಾಂಡ ತೊಳೆಸಿಕೊಡುತ್ತೇನೆ, ನೀರು ನೀವೇ ಬಾವಿಯಿಂದ ಸೇದಿ ತಂದುಕೊಡಿ, ಪೂಜೆ ಅಲ್ಲೇ ಆಗಲಿ ಎಂದರು. ನಾನು ಅದನ್ನು ಮುದುಕರಿಗೆ ಕೇಳಲೂ ಇಲ್ಲ. ಅವರು ಠಾಣೆಯಲ್ಲಿ ಪೂಜೆ ಮಾಡುವವರಲ್ಲ ಎಂದು ನಾನೇ ಹೇಳಿಬಿಟ್ಟೆ. ಅಮೀನಸಾಹೇಬರು ಮೇಜಿನ ಮೇಲಿನ ಹೊಗೆಸೊಪ್ಪಿನ ಎಲೆಯೊಂದನ್ನು ಹಿಡಿದು ಬಹಳ ಹೊತ್ತು ಹರಿಯುತ್ತ ಕೂತರು.

"ಮಾಸ್ತರ್‌ಸಾಬ್, ಬುಡ್ಢಾ ಎರಡು ದಿನ ಇಲ್ಲೇ ಇರ್ಲಿ. ನನ್ನ ಮಾತ ಕೇಳ್ರಿ."

ಯಾಕೆ ಎಂದು ನಾನು ಕೇಳಿದ್ದರೆ... ಕೇಳಲಿಲ್ಲ. ಒಂದೂವರೆ ವರ್ಷ ನಿಮ್ಮ ಕೆಲಸ ಮಾಡಿದ್ದೇನೆ, ಇದೊಂದು ಮಾತು ನಡೆಸಿಕೊಡುವುದಿಲ್ಲವೇ ಎಂದು ಮುಖ ಗಂಟಿಕ್ಕಿದೆ. ಅವರು ಜವಾನನನ್ನು ಕರೆದು ಬಾಗಿಲು ತೆಗೆಸಿದರು. ಮುದುಕರಿಗೆ ಯಾರ ಮಾತಿನಿಂದ ಬಿಡುಗಡೆಯಾಯಿತೆಂದು ಗೊತ್ತಾಗಲಿಲ್ಲ. ಮುಂದಿನ ಸಲ ಅಕ್ಕನ ಮನೆಗೆ ಹೋದಾಗ ಹೇಳಿ ದೊಡ್ಡವನೆನಿಸಿಕೊಳ್ಳಬೇಕೆಂದು ನಾನು ಒಳಗೇ ಇಟ್ಟುಕೊಂಡೆ. ಅವರು ದಮ್ಮು ತಿದ್ದಿಕೊಳ್ಳುತ್ತ, ಊರಿಗೆ ಹೊರಟಿದ್ದ ಒಂದು ಗಾಡಿ ಹತ್ತಿ ಹೋದದ್ದನ್ನು ಕಿಟಕಿಯಿಂದ ನೋಡಿದೆ.

ಮರುದಿನ ಮಧ್ಯಾಹ್ನ ದಂಡು ಆ ಊರಿಗೆ ಬಂತು. ಗಂಡಸರಿಲ್ಲದ ಊರು. ಹೆಂಗಸರು ಮಕ್ಕಳು ಹಳ್ಳದ ಕೊರಕಲಿಗೆ ಓಡಿ ಅಡಗಿದರು, ಅಕ್ಕ ಎರಡು ಕೂಸು ಕಂಕುಳಲ್ಲಿ ಹಿಡಿದು ಸಂಜೆಯವರೆಗೆ ಕೆಸರಿನಲ್ಲಿ ಕೂತಿದ್ದಳಂತೆ. ಕಾಳು ಹೋಯಿತು, ದನ ಹೋದವು, ಹನ್ನೊಂದು ಮನೆ ಸುಟ್ಟವು. ಅಕ್ಕನ ಮಾವ ಮಾತ್ರ ಓಡಲಿಲ್ಲ. ಅಂಗಳದಲ್ಲಿ ನೆಲ ಅಗೆದು ಜೋಳ ತುಂಬಿಟ್ಟಿದ್ದ ಹಗೇವಿನ ಬಾಯಿಯ ಮೇಲೆ ಹೋಗಿ ಕೂತರು. ಏಳು ಎಂದರೆ ಏಳಲಿಲ್ಲ. ಬಂದೂಕಿನ ಹಿಂಬದಿಯಿಂದ ಹೊಡೆದರು. ನಾಲ್ಕನೆಯ ದಿನ ಸತ್ತರು. ಆ ಊರಿನಲ್ಲಿ ಆ ದಾಳಿಗೆ ಪ್ರಾಣ ಕಳೆದುಕೊಂಡವರು ಅವರೊಬ್ಬರೇ.

ಅಮೀನಸಾಹೇಬರು ದಂಡು ಹೋದ ಮಾರನೆಯ ದಿನವೇ ಹದಿನಾಲ್ಕು ಜನರನ್ನೂ ಬಿಟ್ಟರು. ದನದ ಫಿರ್ಯಾದು ಸುಳ್ಳೆಂದು ಕಂಡುಬಂತು, ಹೋಗಿ ಎಂದರಷ್ಟೆ. ಅಲ್ಲಿಂದ ಮುಂದೆ ನಮ್ಮ ಅಕ್ಕನ ಮನೆಯಲ್ಲಿ ಎರಡು ಮಾತು ಹುಟ್ಟಿದವು, ಅವು ಎಂದೂ ಒಂದಾಗಲಿಲ್ಲ. ನಾವು ಊರಲ್ಲಿದ್ದಿದ್ದರೆ ಬಡಿಗೆ ಹಿಡಿದು ಎದುರು ನಿಲ್ಲುತ್ತಿದ್ದೆವು, ಹದಿನಾಲ್ಕು ಹೆಣ ಬೀಳುತ್ತಿದ್ದವು, ಆ ಮನುಷ್ಯ ನಮ್ಮನ್ನು ಉಳಿಸಿದ ಎಂದು ಭಾವ ಹೇಳುತ್ತಿದ್ದ. ಅಕ್ಕನದು ಬೇರೆ.

"ಗಂಡಸರನ್ನ ಒಳಗ ಹಾಕಿ, ಅವರಿಗಿ ಊರ ಬಾಗಿಲಾ ತೆಗದುಕೊಟ್ಟಾನ," ಎಂದಳು ಅವಳು, ಮಾವನ ಮಣ್ಣು ಮುಗಿಸಿ ಬಂದ ದಿನ. "ನಮ್ಮ ಮಾವನ್ನ ಬೇಕಂತೇ ಬಿಟ್ಟು ಕಳಸ್ಯಾನ."

ನಾನು ಕಂಬಕ್ಕೆ ಒರಗಿ ನಿಂತಿದ್ದೆ. ನಾನೇ ಬಿಡಿಸಿದೆ ಎಂದು ಹೇಳಲು ಬಾಯಿ ತೆರೆದೆ. ಕೂಸು ಅತ್ತಿತು, ಅವಳು ಎದ್ದು ಹೋದಳು. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ನಕಲು ಮಾಡುವುದನ್ನು ಅವತ್ತಿನಿಂದ ಬಿಟ್ಟೆ. ಅಮೀನಸಾಹೇಬರು ಕರೆಸಲೂ ಇಲ್ಲ, ಎದುರಾದಾಗ ಸಲಾಮು ಮಾಡಿ ಮುಂದೆ ಹೋಗುತ್ತಿದ್ದರು.

ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು, ಐದೇ ದಿನಕ್ಕೆ ಎಲ್ಲ ಮುಗಿಯಿತು. ಟ್ಯಾಂಕು, ವಿಮಾನ ಎಲ್ಲ ತಂದು ಅದಕ್ಕೆ ಪೊಲೀಸ್ ಆಕ್ಷನ್ ಎಂದು ಹೆಸರಿಟ್ಟರು. ಇಪ್ಪತ್ತು ವರ್ಷ ಪೊಲೀಸನಾಗಿದ್ದೇನೆ, ನಮಗೊಂದು ಸರಿಯಾದ ಲಾಂದ್ರ ಕೊಟ್ಟವರಿಲ್ಲ ಎಂದು ಅಮೀನಸಾಹೇಬರು ಜವಾನರ ಮುಂದೆ ಅಂದರಂತೆ. ಊರಿನ ಮುಸಲ್ಮಾನ ಮನೆಗಳವರು ಬಹಳ ಜನ ಬೀದರಕ್ಕೋ ಕಾಡಿಗೋ ಓಡಿಹೋದರು. ಆ ದಿನಗಳ ಬಗ್ಗೆ ನಮ್ಮ ಕಡೆ ಯಾರೂ ಬಾಯಿ ಬಿಡುವುದಿಲ್ಲ. ಸುಡುವವರು ಬದಲಾದರು, ಮನೆ ಸುಟ್ಟುಕೊಂಡವರು ಬದಲಾದರು, ಅಷ್ಟೇ. ಹಾಗೆ ಓಡಿಬಂದ ಒಂದು ಪಿಂಜಾರರ ಸಂಸಾರವನ್ನು ಭಾವ ಹದಿನೆಂಟು ದಿನ ದನದ ಕೊಟ್ಟಿಗೆಯಲ್ಲಿಟ್ಟು ಕಾದ, ಅವರಿಗೆ ರೊಟ್ಟಿ ಬಡಿದು ಕೊಟ್ಟವಳು ಅಕ್ಕನೇ. ಅಮೀನಸಾಹೇಬರು ಹೆಂಡತಿ ಮಕ್ಕಳನ್ನು ಬೀದರಕ್ಕೆ ಕಳಿಸಿ ತಾವು ಕುರ್ಚಿ ಬಿಟ್ಟು ಏಳಲಿಲ್ಲ. ಧೈರ್ಯವೋ, ಹೋಗಲು ಜಾಗವಿಲ್ಲದ್ದಕ್ಕೋ... ಹೊಸಬರು ಬಂದು ಅವರ ಪಟ್ಟಿ, ಟೊಪ್ಪಿಗೆ ತೆಗೆಸಿ, ಅದೇ ಲಾಕಪ್ಪಿನಲ್ಲಿ ಕೂಡಿಸಿದರು.

ಹೊಸಬರೆಂದರೆ ಮದರಾಸು ಕಡೆಯಿಂದ ಬಂದ ಒಬ್ಬ ಪೊಲೀಸ್ ಸಾಹೇಬರು. ಒಳ್ಳೆಯ ಮನುಷ್ಯ, ಗಡಿಬಿಡಿಯ ಮನುಷ್ಯ. ತೆಲುಗು, ಅದರ ಜೊತೆ ಹರಕು ಕನ್ನಡ ಮಾತಾಡುತ್ತಿದ್ದರು, ಉರ್ದು ಒಂದಕ್ಷರ ಬಾರದು. ಇಡೀ ಠಾಣೆಯ ಕಾಗದವೆಲ್ಲ ಉರ್ದುವಿನಲ್ಲಿ, ಅದೂ ಆ ಅಕ್ಷರದಲ್ಲಿ. ಹಾಗಾಗಿ ನನಗೆ ಕರೆ ಬಂತು. ನಾನು ಹೋದಾಗ ಹೊರಗಿನ ಕಟ್ಟೆಯ ಮೇಲೆ ಅಕ್ಕ, ಭಾವ, ಊರಿನ ಏಳೆಂಟು ಜನ ಹೇಳಿಕೆ ಕೊಡಲು ಬಂದು ಕೂತಿದ್ದರು. ಕಿಟಕಿ ತೆರೆದಿತ್ತು, ಒಳಗಿನ ಮಾತು ಅವರಿಗೆ ಕೇಳುತ್ತಿತ್ತು. ಅಮೀನಸಾಹೇಬರು ಗೋಡೆಯ ಬದಿಯ ಬೆಂಚಿನ ಮೇಲಿದ್ದರು. ಬರಿತಲೆಯಲ್ಲಿ ಅವರನ್ನು ನಾನು ಅದೇ ಮೊದಲು ನೋಡಿದ್ದು. ಕೂದಲು ಪೂರಾ ಬೆಳ್ಳಗಾಗಿತ್ತು.

ಮದರಾಸು ಸಾಹೇಬರು ನನಗೆ ವಿಷಯ ಬಿಡಿಸಿ ಹೇಳಿದರು. ಈ ಮನುಷ್ಯ, ತಾನು ಆ ಊರಿನ ರಕ್ಷಣೆಗೆ ಬಂದೂಕಿನ ಜವಾನರನ್ನು ಕಳಿಸಿ ಎಂದು ಬೀದರಕ್ಕೆ ಬರೆದಿದ್ದೆ ಎನ್ನುತ್ತಾನೆ. ಬೀದರದಲ್ಲಿ ಆ ಕಾಗದ ಇಲ್ಲ, ಗದ್ದಲದಲ್ಲಿ ಯಾರೋ ಸುಟ್ಟಿದ್ದಾರೆ. ಠಾಣೆಯ ದಿನಚರಿಯೂ ಹೋಗಿದೆ. ಉಳಿದದ್ದು, ಕಳಿಸಿದ ಕಾಗದಗಳ ತಾರೀಖು ಮಾತ್ರ ಬರೆದಿಡುವ ಈ ರವಾನಗಿ ವಹಿ. ಊರು ಸುಟ್ಟದ್ದು ಜೂನ್ ಕೊನೆಗೆ. ಇವನು ಅದಕ್ಕೆ ಮೊದಲು ಬರೆದಿದ್ದರೆ ಇವತ್ತೇ ಮನೆಗೆ ಕಳಿಸುತ್ತೇನೆ. ಆಮೇಲೆ ಬರೆದಿದ್ದರೆ ಅವರ ಜೊತೆ ಸೇರಿ ಊರು ಸುಡಿಸಿ, ತನ್ನ ಚರ್ಮ ಉಳಿಸಿಕೊಳ್ಳಲು ಬರೆದದ್ದು, ಜೈಲಿಗೆ ಕಳಿಸುತ್ತೇನೆ. ತಾರೀಖು ನೋಡಿ ಹೇಳು.

ವಹಿ ಬಿಚ್ಚಿದೆ. ಹೊಗೆಸೊಪ್ಪಿನ ಎಲೆ ಜಾರಿ ತೊಡೆಯ ಮೇಲೆ ಬಿತ್ತು. ಸಾಲು ಸಿಕ್ಕಿತು. ಬೀದರಕ್ಕೆ, ಜವಾನರ ಕೋರಿಕೆ, ಆ ಊರಿನ ಹೆಸರು, ಅಮರದಾದ ತಿಂಗಳ ನಡುವಿನ ಒಂದು ತಾರೀಖು. ಇಷ್ಟೇ ಇತ್ತು.

ಅಮರದಾದ ಎಂದರೆ ಈಗಿನವರಿಗೆ ಏನೂ ತಿಳಿಯದು. ನಿಜಾಮರ ಸರಕಾರದ ಲೆಕ್ಕ ಫಸಲಿ ತಿಂಗಳುಗಳದ್ದು. ಆಜೂರ, ದೈ, ಬಹಮನ ಎಂದು ಶುರುವಾಗಿ ಆಬಾನದವರೆಗೆ ಹನ್ನೆರಡು. ಹಳ್ಳಿಯವರದು ಹುಣ್ಣಿಮೆ ಅಮಾವಾಸ್ಯೆಯ ಲೆಕ್ಕ, ಹೊಸ ಸಾಹೇಬರದು ಇಂಗ್ಲಿಷ್ ಲೆಕ್ಕ. ಮೂರಕ್ಕೂ ನಡುವೆ ನಾನು. ಬೆರಳು ಮಡಚುತ್ತ ಗಟ್ಟಿಯಾಗಿ ಎಣಿಸಿದೆ. ಆಜೂರ ನವೆಂಬರು, ದೈ ಡಿಸೆಂಬರು, ಬಹಮನ ಜನವರಿ... ಒಂಬತ್ತನೆಯ ಬೆರಳಿಗೆ ಅಮರದಾದ ಬಂತು. ಜುಲೈ ಎಂದೆ.

ಆಜೂರ ನಿಜವಾಗಿ ಅಕ್ಟೋಬರು. ಸಾಲಿಯ ಮಕ್ಕಳಿಗೂ ಗೊತ್ತಿರುವ ಸಂಗತಿ, ನಾನೇ ಬಾಯಿಪಾಠ ಮಾಡಿಸುತ್ತಿದ್ದೆ. ಆದರೆ ಆಜೂರದ ಹಾಜರಿ ತಖ್ತೆಯನ್ನು ತಿಂಗಳು ಮುಗಿದ ಮೇಲೆ, ನವೆಂಬರಿನಲ್ಲಿ ಕೂತು ಬರೆದು ಬೀದರಕ್ಕೆ ಕಳಿಸುತ್ತಿದ್ದೆವು. ವರ್ಷವಿಡೀ ಹೀಗೇ, ಪ್ರತಿ ಫಸಲಿ ತಿಂಗಳ ಕೆಲಸ ಮುಂದಿನ ಇಂಗ್ಲಿಷ್ ತಿಂಗಳಿನಲ್ಲಿ. ಆ ಜೋಡಿಯೇ ನನ್ನ ಬೆರಳಿಗೆ ರೂಢಿಯಾಗಿತ್ತು. ಹೀಗೆಂದು ನಾನು ಆಮೇಲೆ ನನಗೆ ನೂರು ಸಲ ಹೇಳಿಕೊಂಡಿದ್ದೇನೆ. ಪೂರಾ ನಂಬಿಕೆ ಬಂದಿಲ್ಲ.

ಜುಲೈ ಎಂದು ನಾನು ಹೇಳಿದಾಗ ಅಮೀನಸಾಹೇಬರು ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಕಿಟಕಿಯ ಕಡೆ ನೋಡಿದರು. ಏನಾದರೂ ಹೇಳುವುದಿದೆಯೇ ಎಂದು ಮದರಾಸು ಸಾಹೇಬರು ಕೇಳಿದರು. ಅವರು ಇಲ್ಲವೆಂದು ತಲೆಯಾಡಿಸಿದರು. ಮಧ್ಯಾಹ್ನ ಲಾರಿಯಲ್ಲಿ ಬೀದರಕ್ಕೆ ಒಯ್ದರು. ಅಕ್ಕ ಕಟ್ಟೆಯಿಂದ ಎದ್ದು ನಿಂತು ನೋಡಿದಳು, ಭಾವ ನೋಡದೆ ಬೀಡಿ ಹಚ್ಚಿದ. ನನ್ನ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ತಪ್ಪೆಲ್ಲ ಅವರದೇ ಎಂದಾದರೆ ನಾನು ಮುದುಕರನ್ನು ಬಿಡಿಸಿದ್ದು ಚಿಕ್ಕ ಮಾತಾಗುತ್ತದಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೆ ಅನಿಸಿದ್ದು ನಿಜ.

ಎರಡು ವರ್ಷದ ಮೇಲೆ ನನಗೆ ಭಾಲ್ಕಿ ಸಾಲಿಗೆ ವರ್ಗವಾಯಿತು. ಒಬ್ಬ ತಂದೆ ಮಗನ ಹುಟ್ಟಿದ ತಾರೀಖಿನ ದಾಖಲೆ ಕೇಳಿಕೊಂಡು ಬಂದ. ಹಳೆಯ ದಾಖಲಾತಿ ಪುಸ್ತಕ ತೆಗೆದೆ. ಅದರಲ್ಲಿ ಫಸಲಿ ಮತ್ತು ಇಂಗ್ಲಿಷ್ ಎರಡೂ ತಾರೀಖು ಅಕ್ಕಪಕ್ಕ ಬರೆದಿದ್ದರು. ಹುಡುಗ ಹುಟ್ಟಿದ್ದು ಅಮರದಾದದಲ್ಲಿ, ಪಕ್ಕದಲ್ಲಿ ಜೂನ್ ಎಂದಿತ್ತು. ಆ ಪುಟದ ಎಲ್ಲ ಮಕ್ಕಳನ್ನೂ ನೋಡಿದೆ, ಹಿಂದಿನ ಪುಟ ನೋಡಿದೆ. ಆಮೇಲೆ ಬೆರಳು ಮಡಚಿ ಅಕ್ಟೋಬರಿನಿಂದ ಎಣಿಸಿದೆ. ಆ ತಂದೆ, ಏನಾಯಿತ್ರಿ ಮಾಸ್ತರ್ ಎಂದು ಕೇಳುತ್ತ ನಿಂತಿದ್ದ.

ಹಾಗಾದರೆ ಅಮೀನಸಾಹೇಬರು ಮೊದಲೇ ಬರೆದಿದ್ದರು. ಹತ್ತು ಹನ್ನೆರಡು ದಿನ ಬೀದರದ ದಾರಿ ಕಾಯ್ದು, ಯಾರೂ ಬಾರದಿದ್ದಾಗ ಗಂಡಸರನ್ನು ಲಾಕಪ್ಪಿಗೆ ತಂದಿದ್ದರು. ಎರಡು ವರ್ಷ ಭಾವ ಹೇಳಿದ್ದೇ ಸರಿ. ಇದನ್ನು ತಿಳಿದು ಒಂದು ತಾಸು ಕೂಡ ಆಗಿರಲಿಲ್ಲ, ಅಕ್ಕನ ಮಾತೂ ಸರಿಯೆಂದು ಕಂಡಿತು. ಮೊದಲೇ ಬರೆದಿದ್ದರು ಎಂದರೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಊರಿನ ಹೆಂಗಸರಿಗೆ ಒಂದು ಮಾತು ಹೇಳಲಿಲ್ಲ. ನನಗೂ ಹೇಳಲಿಲ್ಲ. ಎರಡು ದಿನ ಇಲ್ಲೇ ಇರಲಿ ಎಂದು ಹೇಳಿದ್ದರು, ಅದು ಹೇಳಿದ ಹಾಗಾಯಿತೇ?  ಕಡೆಗೆ ಒಂದು ಶನಿವಾರ ಭಾಲ್ಕಿಯಿಂದ ರೈಲು ಹತ್ತಿ ಬೀದರಕ್ಕೆ ಬಂದೆ.

ಅವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಒಂದೂವರೆ ವರ್ಷ ಜೈಲಿನಲ್ಲಿದ್ದು ಬಿಡುಗಡೆಯಾಗಿ, ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಅರ್ಜಿ ಬರೆದುಕೊಡುತ್ತ ಕೂತಿದ್ದರು. ಆ ಅಕ್ಷರದಲ್ಲಿ ಬರೆದ ಅರ್ಜಿಯಿಂದ ಯಾರಿಗೆ ಏನು ಸಿಗುತ್ತಿತ್ತೋ ದೇವರೇ ಬಲ್ಲ. ಉರ್ದು ಅರ್ಜಿ ಕೇಳುವವರು ದಿನದಿನಕ್ಕೆ ಕಡಿಮೆಯಾಗುತ್ತಿದ್ದರು. ತೊಡೆಯ ಮೇಲೆ ಮಕ್ಕಳ ಪಾಟಿ ಇಟ್ಟುಕೊಂಡು ಕನ್ನಡದ ಅಕ್ಷರ ತಿದ್ದುತ್ತಿದ್ದರು. ನನ್ನನ್ನು ನೋಡಿ, ಬಂದದ್ದು ಒಳ್ಳೆಯದಾಯಿತು ಎಂದು ಪಾಟಿ ಮುಂದೆ ಚಾಚಿ, ಈ 'ಳ' ಯಾಕೆ ಹೀಗೆ ವಾಲುತ್ತದೆ ಎಂದು ಕೇಳಿದರು. ನಾನು ಕೈ ಹಿಡಿದು ತಿದ್ದಿಸಿದೆ. ಆಮೇಲೆ ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ತಿಂಗಳು ತಪ್ಪು ಎಣಿಸಿದೆ, ಈಗಲೇ ನಡೆಯಿರಿ, ದೊಡ್ಡ ಸಾಹೇಬರ ಮುಂದೆ ಬರೆದುಕೊಡುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದೆ.

ಅವರು ಪಾಟಿಯನ್ನು ಅಂಗಿಯ ತೋಳಿನಿಂದ ಒರೆಸಿದರು. ತಪ್ಪು ಅಲ್ಲೇ ತಿಳಿದಿತ್ತು ಎಂದರು. ತಿಳಿದಿದ್ದರೆ ಯಾಕೆ ಬಾಯಿ ಬಿಡಲಿಲ್ಲ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ.

"ಜೂನ್ ಅಂತ ನಾ ಅಂದಿದ್ರ, ಗೊತ್ತಿದ್ದೂ ಬುಡ್ಢಾನ್ನ ಯಾಕ ಬಿಟ್ಟಿ ಅಂತ ಕೇಳ್ತಿದ್ರು, ಮಾಸ್ತರ್‌ಸಾಬ್. ಯಾರ ಮಾತಿಗಿ ಬಿಟ್ಟಿ ಅಂತಾನೂ ಕೇಳ್ತಿದ್ರು. ನಿಮ್ಮ ಅಕ್ಕ ಹೊರಗ ಕಟ್ಟಿ ಮ್ಯಾಲ ಕೂತಿದ್ಳು."

 ಬೇವಿನ ಬುಡಕ್ಕೆ ಕೂತೆ. ಅವರು ನನ್ನ ಕಡೆ ನೋಡದೆ ಬಳಪದ ತುದಿ ಕಲ್ಲಿಗೆ ಉಜ್ಜುತ್ತಿದ್ದರು. ಆಮೇಲೆ ತಾವೇ ನಕ್ಕು, ಅದೊಂದೇ ಕಾರಣವೆಂದು ತಿಳಿಯಬೇಡಿ, ದಂಡು ಬರುವ ಸುದ್ದಿ ನನಗೆ ಯಾರು ಕೊಟ್ಟರೆಂದೂ ಕೇಳುತ್ತಿದ್ದರು, ಸುದ್ದಿ ಕೊಟ್ಟವರೂ ಬದುಕಬೇಕಲ್ಲ ಎಂದರು. ಬಳಪ ಕೆಳಗಿಟ್ಟು, ಹೆದರಿ ಸುಮ್ಮನಿದ್ದೆ ಎಂದು ಬೇಕಾದರೂ ತಿಳಿದುಕೊಳ್ಳಿ, ಅದೂ ಸುಳ್ಳಲ್ಲ ಎಂದರು. ಮೂರರಲ್ಲಿ ಯಾವುದನ್ನು ಹಿಡಿಯಲಿ?

ಹೆಂಗಸರಿಗೆ ಯಾಕೆ ಹೇಳಲಿಲ್ಲ ಎಂದು ಅಕ್ಕನ ಪರವಾಗಿ ಕೇಳಿದೆ. ಆಗ ಮಾತ್ರ ಅವರ ಮುಖ ಬದಲಾಯಿತು.

"ಗಂಡಸರಿಲ್ಲಾಂದ್ರ ಕಾಳು ಹೊತ್ಕೊಂಡು ಹೋಗ್ತಾರ, ಯಾರನ್ನೂ ಮುಟ್ಟೂದಿಲ್ಲಂತ ತಿಳ್ಕೊಂಡಿದ್ದೆ," ಎಂದರು. "ತಪ್ಪು ತಿಳ್ಕೊಂಡಿದ್ದೆ."

ದೊಡ್ಡ ಸಾಹೇಬರ ಹತ್ತಿರ ಹೋಗಲು ಅವರು ಒಪ್ಪಲಿಲ್ಲ. ಜೈಲು ಮುಗಿದಿದೆ, ಕಳೆದ ದಿನಗಳನ್ನು ಯಾರೂ ವಾಪಸು ಕೊಡುವುದಿಲ್ಲ ಎಂದು, ಎಲೆ ಅಡಿಕೆ ತರಿಸಿ ಕೊಟ್ಟು ಕಳಿಸಿದರು. ಆಮೇಲೆ ಬೀದರಕ್ಕೆ ಬಂದಾಗಲೆಲ್ಲ ಅವರ ಅಕ್ಷರ ತಿದ್ದಿಸುತ್ತಿದ್ದೆ. ಕನ್ನಡ ಅವರ ಕೈಯಲ್ಲಿ ಉರ್ದುವಿಗಿಂತ ಚಂದವಾಗಿತ್ತು. ಒಂದು ಸಲ ಬಂದಾಗ ಬೇವಿನ ಕೆಳಗೆ ಬೇರೆಯವರು ಕೂತಿದ್ದರು. ಅಮೀನಸಾಹೇಬರು ತೀರಿ ಇಪ್ಪತ್ತು ದಿನವಾಗಿತ್ತು. ಯಾವ ಕಬರಸ್ತಾನದಲ್ಲಿ ಎಂದು ಕೇಳಿಕೊಂಡು ಹೋದೆ, ಗುರುತು ಸಿಗಲಿಲ್ಲ.

ಅಕ್ಕನ ಮನೆಯಲ್ಲಿ ವಾದ ನಡೆದೇ ಇತ್ತು. ಮಕ್ಕಳ ಮದುವೆಯಲ್ಲಿ, ಮೊಮ್ಮಕ್ಕಳ ತೊಟ್ಟಿಲಿನಲ್ಲಿ, ಯಾರೋ ಹಳೆಯದು ಎತ್ತುವುದೇ ತಡ, ಭಾವ ಒಂದು ಹೇಳುವನು, ಅಕ್ಕ ಒಂದು ಹೇಳುವಳು. ನೀ ವಹಿ ಓದಿದವ, ನೀ ಹೇಳು ಎಂದು ಅವಳು ನನ್ನ ಕಡೆ ತಿರುಗುತ್ತಿದ್ದಳು. ನಾನು ಹೋಳಿಗೆಗೆ ತುಪ್ಪ ಕಡಿಮೆಯಾಯಿತು ಎಂದು ಏನೋ ಹೇಳಿ ಹಾರಿಸುತ್ತಿದ್ದೆ. ಹೇಳಿದ್ದರೆ ಏನಾಗುತ್ತಿತ್ತು? ಮಾವನ ಸಾವಿಗೆ ತಮ್ಮ ಕಾರಣ ಎಂದು ತಿಳಿದ ಮೇಲೆ ಆ ಮನೆಯಲ್ಲಿ ನನಗೊಂದು ತಟ್ಟೆ ಇರುತ್ತಿತ್ತೇ... ಅಥವಾ ಅವಳು, ಹೋಗಲಿ ಬಿಡು ತಮ್ಮಾ ಎನ್ನುತ್ತಿದ್ದಳೇ? ಎರಡೂ ನನಗೆ ಸಾಧ್ಯವೆನಿಸುತ್ತವೆ. ಭಾವ ಮೊದಲು ಹೋದ. ಅವನು ಹೋದ ಮೇಲೆ ಅಕ್ಕ ಒಬ್ಬಳೇ ಎರಡೂ ಕಡೆಯ ಮಾತಾಡಲು ಶುರು ಮಾಡಿದಳು. ನಿಮ್ಮ ಭಾವ ಹೇಳಿದ್ದೇ ಖರೆ ಇರಬಹುದೇನೋ ಎಂದು ಒಮ್ಮೆ ನನ್ನೆದುರು ಅಂದಳು. ಆಗಲೂ ನಾನು ಹೂಂ ಎನ್ನಲಿಲ್ಲ.

ಪಿ.ಎಸ್.ಐ. ಹೇಳಿದ ದಿನಕ್ಕೆ ಸರಿಯಾಗಿ ಬಂದರು. ನಾನು ಸಾಲು ಸಾಲಾಗಿ ಓದುತ್ತ ಹೋದೆ, ಅವರು ಬರೆದುಕೊಂಡರು. ಆ ಸಾಲು ಬಂದಾಗ ಬೆರಳು ಮಡಚಲಿಲ್ಲ, ಜೂನ್ ಎಂದು ಬರೆಯಿರಿ ಎಂದೆ. ಅಲ್ಲಿಗೆ ಮುಗಿಸಬಹುದಿತ್ತು. ಮುಗಿಸಲಿಲ್ಲ. ಮುದುಕರನ್ನು ಬಿಡಿಸಿದ್ದು, ತಿಂಗಳು ತಪ್ಪಿಸಿದ್ದು, ಬೇವಿನ ಮರದ ಕೆಳಗೆ ಅವರು ಹೇಳಿದ್ದು, ಎಲ್ಲ ಹೇಳಿದೆ. ಆ ಹೆಣ್ಣುಮಗಳ ಪೆನ್ನು ಯಾವಾಗಲೋ ನಿಂತುಹೋಗಿತ್ತು.

"ಇದನ್ನೂ ಬರೀಲೇನ್ರಿ ಸರ್?" ಎಂದರು.

ಬರೆಯಿರಿ ಎಂದೆ. ನಾಲ್ಕು ವಾಕ್ಯದಲ್ಲಿ ಬರೆದು ಓದಿ ತೋರಿಸಿದರು. ಸರಿಯಾಗಿತ್ತು. ನನ್ನ ಹೆಸರೂ ಅದರಲ್ಲಿತ್ತು. ಅಮೀನಸಾಹೇಬರು ಒಳ್ಳೆಯವರೋ ಕೆಟ್ಟವರೋ ಎಂದು ಅವರು ಕೇಳಲಿಲ್ಲ. 

ಜೀಪು ಹೊರಟ ಮೇಲೆ ಒಳಗೆ ಬಂದು ಫೋನು ಕೈಗೆ ತೆಗೆದುಕೊಂಡೆ. ಹೇಳಿಬಿಟ್ಟೆ ನೋಡು ಎಂದು ಹೇಳಬೇಕಾಗಿತ್ತು. ಎರಡು ಅಂಕಿ ಒತ್ತಿದ ಮೇಲೆ ನೆನಪಾಯಿತು. ಅಕ್ಕ ಹೋಗಿ ಹನ್ನೊಂದು ವರ್ಷವಾಗಿದೆ. ನಾನು ಹೇಳಬೇಕಾಗಿದ್ದದ್ದು ಠಾಣೆಗಲ್ಲ, ಅವಳಿಗೆ.